ಸೈಲೆನ್ಸರ್ ಮುಟ್ಟದೆ ಸಣ್ಣ ಕಾರಿಗೆ ಗತ್ತಿನ ದನಿ

ಕಾರಿನ ಸದ್ದು ಬದಲಿಸಬೇಕು ಅಂದ್ರೆ ಎಲ್ಲರ ಕೈಯೂ ಮೊದಲು ಹೋಗುವುದು ಸೈಲೆನ್ಸರ್‌ಗೆ. ಆ ಸದ್ದು ಇಡೀ ಬೀದಿಗೆ ಕೇಳಿಸುತ್ತದೆ, ಟ್ರಾಫಿಕ್ ಪೊಲೀಸರಿಗೂ. ಇಂಜಿನ್ ಗಾಳಿ ಎಳೆದುಕೊಳ್ಳುವ ಕಡೆ ಕೈ ಹಾಕಿದರೆ ಕಥೆ ಬೇರೆ. ಐಡ್ಲಿಂಗ್‌ನಲ್ಲಿ ಕಾರು ಮೊದಲಿನಷ್ಟೇ ಸಾಧು. ಆಗ ಗಾಳಿಯ ದಾರಿಗೆ ಅಡ್ಡ ಇರುವ ಥ್ರಾಟಲ್ ತಟ್ಟೆ ಬಹುಪಾಲು ಮುಚ್ಚಿರುವುದರಿಂದ ಇಂಜಿನ್ನಿನ ಮಿಡಿತ ಆಚೆ ಬರುವುದಿಲ್ಲ. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಗುಡುಗು, ಅದೂ ಹೆಚ್ಚಾಗಿ ಒಳಗೆ ಕೂತವರಿಗೆ.

ಹಳೆಯ 1.2 ಲೀಟರ್ ಪೆಟ್ರೋಲ್ ಸ್ವಿಫ್ಟ್ ನೋಡಿ. ನಾಲ್ಕು ಸಿಲಿಂಡರ್, ಅಂದರೆ ಇಂಜಿನ್ ಒಂದು ಸುತ್ತು ತಿರುಗಿದರೆ ಎರಡು ಸಲ ಗಾಳಿ ಎಳೆಯುತ್ತದೆ. 3,000 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 3,000 ಸುತ್ತಿನಲ್ಲಿ, ಸೆಕೆಂಡಿಗೆ 100 ಮಿಡಿತ. ಮೂರು ಸಿಲಿಂಡರಿನ ವ್ಯಾಗನ್ ಆರ್ 1.0ನಲ್ಲಿ ಅದೇ ವೇಗಕ್ಕೆ 75. ಹಾಗಾಗಿ ಅದರ ಗಂಟಲು ಇನ್ನೂ ದಪ್ಪ. 2024ರಲ್ಲಿ ಬಂದ ಸ್ವಿಫ್ಟ್ ಕೂಡ ಮೂರು ಸಿಲಿಂಡರಿನದೇ.

ಈ ದನಿಯನ್ನು ಕಂಪನಿಯವರೇ ಅದುಮಿರುತ್ತಾರೆ. ಏರ್ ಫಿಲ್ಟರ್ ಡಬ್ಬಿಗೋ ಅದರ ಪೈಪಿಗೋ ಅಂಟಿಕೊಂಡು ಒಂದು ಖಾಲಿ ಪ್ಲಾಸ್ಟಿಕ್ ಬುರುಡೆ ಇರುತ್ತದೆ. ಅದೇ ರೆಸೊನೇಟರ್. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಒಂದೇ ಸ್ವರ ಹೊರಡುತ್ತದಲ್ವಾ, ಈ ಬುರುಡೆಯೂ ಹಾಗೇ ಒಂದು ಸ್ವರಕ್ಕೆ ಹೊಂದಿಸಿದ್ದು. ಪೈಪಿನಲ್ಲಿ ಆ ಸ್ವರ ಬಂದಾಗ ಎದುರು ಮಿಡಿದು ಅದನ್ನು ತಣಿಸುತ್ತದೆ. ನಮ್ಮ ಕೆಲಸ ಇದನ್ನು ತೆಗೆಯುವುದು, ಅಷ್ಟೆ.

ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಬಾನೆಟ್ ಎತ್ತಿ. ಏನನ್ನೂ ಮುಟ್ಟುವ ಮುಂಚೆ ಮೊಬೈಲ್‌ನಲ್ಲಿ ನಾಲ್ಕು ಫೋಟೊ ತೆಗೆದಿಡಿ. ಪೈಪಿನ ಮೇಲೆ ಸೆನ್ಸರ್ ಇದ್ದರೆ ಲಾಕ್ ಒತ್ತಿ ಕನೆಕ್ಟರ್ ಬಿಡಿಸಿ, ವೈರ್ ಹಿಡಿದು ಎಳೆಯಬೇಡಿ. ಕ್ಲಿಪ್ಪು, ಬೋಲ್ಟು ಬಿಚ್ಚಿ ಡಬ್ಬಿ ಹೊರತೆಗೆಯಿರಿ. ಥ್ರಾಟಲ್ ಬಾಯಿಗೆ ಶುದ್ಧ ಬಟ್ಟೆ ತುರುಕಿ, ಒಂದು ನಟ್ ಒಳಗೆ ಬಿದ್ದರೂ ಕೆಲಸ ಕೆಟ್ಟಂತೆ.

ಈಗ ರೆಸೊನೇಟರ್ ಎಲ್ಲಿದೆ ನೋಡಿ. ಫಿಲ್ಟರ್‌ಗಿಂತ ಮುಂಚೆ ಇದ್ದು, ಅದನ್ನು ಕಿತ್ತ ಜಾಗದ ತೂತು ಹಾಗೇ ಉಳಿದರೆ ಬಿಸಿ ಗಾಳಿ ಸೇರುತ್ತದೆ. ಫಿಲ್ಟರ್ ಆದ ಮೇಲೆ ಇದ್ದರೆ ದೂಳು ನೇರ ಇಂಜಿನ್‌ಗೆ. ಎರಡೂ ಕಡೆ ತೂತು ಮುಚ್ಚಲೇಬೇಕು. ಅಳತೆ ತೆಗೆದುಕೊಂಡು ಹೋದರೆ ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯಲ್ಲಿ ರಬ್ಬರ್ ಕ್ಯಾಪ್, ಹೋಸ್ ಕ್ಲಿಪ್ ಎರಡೂ ಸಿಗುತ್ತವೆ. ಟೇಪು, ಎಂ-ಸೀಲ್ ಬೇಡ, ಒಡೆದ ಚೂರು ಒಳಗೆ ಹೋದೀತು. ರೆಸೊನೇಟರ್ ಡಬ್ಬಿಯ ಜೊತೆಗೇ ಅಚ್ಚಾಗಿದ್ದರೆ ಕೊಯ್ಯಬೇಡಿ. ತೊಳೆದು ಬಳಸುವ ಪ್ಯಾನೆಲ್ ಫಿಲ್ಟರ್ ಹಾಕಿ ಸಮಾಧಾನ ಪಟ್ಟುಕೊಳ್ಳಿ. ಸದ್ದು ಒಂಚೂರು ಬದಲಾದರೆ ಅದೇ ಹೆಚ್ಚು. ತೊಳೆದ ಮೇಲೆ ಆ ಫಿಲ್ಟರ್‌ಗೆ ಎಣ್ಣೆ ಜಾಸ್ತಿ ಬಳಿದರೆ ಗಾಳಿ ಅಳೆಯುವ ಸೆನ್ಸರ್ ತಂತಿಗೆ ಮೆತ್ತಿಕೊಳ್ಳುತ್ತದೆ. ಸಂಡೂರಿನ ಗಣಿ ಲಾರಿಗಳ ಕೆಂಪು ದೂಳಿನಲ್ಲಿ ಓಡಾಡುವವರಿಗೆ ಪೇಪರ್ ಫಿಲ್ಟರೇ ವಾಸಿ.

ಡಬ್ಬಿಯನ್ನೇ ಕಿತ್ತು ಬರೀ ಕೋನ್ ಫಿಲ್ಟರ್ ಸಿಕ್ಕಿಸುವುದು ಅಂಗಡಿಯವರ ಅಚ್ಚುಮೆಚ್ಚು. ನನಗಂತೂ ಇಷ್ಟವಿಲ್ಲ. ಅದು ಕುಡಿಯುವುದು ಬಾನೆಟ್ ಒಳಗಿನ ಕಾದ ಗಾಳಿಯನ್ನು. ಗಾಳಿ ಸುಮಾರು 3 ಡಿಗ್ರಿ ಬಿಸಿಯಾದರೆ ಸಾಂದ್ರತೆ ಶೇ 1ರಷ್ಟು ಇಳಿಯುತ್ತದೆ. ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ನಿಂತ ಕಾರಿನ ಬಾನೆಟ್ ಒಳಗೆ ಹೊರಗಿಗಿಂತ 30 ಡಿಗ್ರಿ ಜಾಸ್ತಿ ಇದೆ ಅಂದುಕೊಳ್ಳಿ, ಗಾಳಿಯಲ್ಲಿ ಶೇ 9ರಷ್ಟು ಖೋತಾ. ಸದ್ದು ಏರಿತು, ಎಳೆತ ಇಳಿಯಿತು! ತಣ್ಣನೆ ಗಾಳಿ ಬೇಕೆಂದು ಪೈಪನ್ನು ಬಂಪರ್ ಕೆಳಗೆ ಇಳಿಸಿದರೆ ಮಳೆಗಾಲದ ಅಂಡರ್‌ಪಾಸ್‌ನಲ್ಲಿ ನೀರು ಕುಡಿಯುತ್ತದೆ. ನೀರು ಗಾಳಿಯಂತೆ ಕುಗ್ಗುವುದಿಲ್ಲ, ಪಿಸ್ಟನ್‌ಗೆ ಜೋಡಿಸಿದ ಕನೆಕ್ಟಿಂಗ್ ರಾಡೇ ಬಾಗುತ್ತದೆ. ಕಂಪನಿ ಕೊಟ್ಟ ಮೂಗು ಇದ್ದ ಎತ್ತರದಲ್ಲೇ ಇರಲಿ.

ಬಟ್ಟೆ ತೆಗೆದು ಎಲ್ಲ ಮರುಜೋಡಿಸಿ. ಇಂಜಿನ್ನಿನಿಂದ ಬರುವ ಸಣ್ಣ ಬ್ರೀದರ್ ಪೈಪು ಮರೆತು ಹೋಗುವಂಥದ್ದು, ಅದನ್ನೂ ಸೇರಿಸಿ. ಸ್ಟಾರ್ಟ್ ಮಾಡಿ ಐದು ನಿಮಿಷ ಬಿಡಿ. ಐಡ್ಲಿಂಗ್ ಏರಿಳಿದರೆ ಅಥವಾ ಚೆಕ್ ಇಂಜಿನ್ ದೀಪ ಹತ್ತಿದರೆ ಎಲ್ಲೋ ಗಾಳಿ ಸೋರುತ್ತಿದೆ ಎಂಬ ಅನುಮಾನ ಮೊದಲು ಬರಲಿ. ಆಮೇಲೆ ಖಾಲಿ ರಸ್ತೆಯಲ್ಲಿ ಮೂರನೇ ಗೇರ್ ಹಾಕಿ 2,000ದಿಂದ 4,000 ಆರ್‌ಪಿಎಂಗೆ ಏರಿಸಿ. ಹೊಸ ದನಿ ಸಿಗುವುದು ಅಲ್ಲೇ. ಪವರ್ ಏರಿತು ಅನಿಸಿದರೆ ಅದು ಕಿವಿಯ ಮಾತು, ನಂಬಬೇಡಿ. ಟರ್ಬೊ ಕಾರಿನವರಿಗೆ ಈ ಗುಡುಗು ಸಿಗುವುದಿಲ್ಲ, ಟರ್ಬೊದ ಸಿಳ್ಳೆ ಸಿಗಬಹುದು.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 182ಎ ಕಲಮಿನಂತೆ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಬೀಳಬಹುದು. ಶಬ್ದದ ಮಿತಿ ಮೀರಿದರೆ 190(2)ರಡಿ ಮೊದಲ ಸಲವೇ 10,000 ರೂಪಾಯಿವರೆಗೆ. ವಾರಂಟಿ ಇನ್ನೂ ಇರುವ ಕಾರಾದರೆ ಸರ್ವಿಸ್ ಸೆಂಟರಿನಲ್ಲಿ ಮೊದಲೇ ಕೇಳಿ. ಬಿಚ್ಚಿದ ಬುರುಡೆ, ಅದರ ಬೋಲ್ಟು, ರಬ್ಬರ್ ವಾಷರ್ ಎಲ್ಲ ಒಂದು ಕವರಿಗೆ ಹಾಕಿ ಮನೆಯಲ್ಲಿಡಿ. ಹದಿನೈದು ದಿನ ಓಡಿಸಿದ ಮೇಲೆ ಹೈವೇಯಲ್ಲಿ ಆ ಸದ್ದು ತಲೆ ತಿನ್ನಲು ಶುರು ಮಾಡಿದರೆ ಅರ್ಧ ಗಂಟೆಯಲ್ಲಿ ವಾಪಸ್ ಹಾಕಬಹುದು.