ಆ್ಯಂಟಿಬಾಡಿಗೆ ಬಣ್ಣ ಕಟ್ಟಿ, ಅದರ ಜಾಡು ಹಿಡಿಯುವುದು ಹೇಗೆ

ಮೈಕ್ರೋಸ್ಕೋಪಿನಲ್ಲಿ ಹಸಿರು ಚುಕ್ಕೆ ಕಂಡ ಕೂಡಲೇ ‘ನನ್ನ ಪ್ರೋಟೀನ್ ಇಲ್ಲೇ ಇದೆ’ ಎಂದು ಹೊಸಬರು ಖುಷಿಪಡುತ್ತಾರೆ. ನಾನು ಕೇಳುವುದು ಒಂದೇ: ಅದು ಪ್ರೋಟೀನೋ, ಬರೀ ಡೈಯೋ, ಅಂದರೆ ನಾವೇ ಅಂಟಿಸಿದ ಹೊಳೆಯುವ ಬಣ್ಣವೋ? ನಮ್ಮ ಕಣ್ಣಿಗೆ ಬೀಳುವುದು ಡೈ ಮಾತ್ರ, ಅಲ್ವಾ. ಅದು ಅಂಟಿಕೊಂಡ ಅಣು ಕಾಣುವುದೇ ಇಲ್ಲ. ಕೆಳಗೆ ಹೇಳುವ ಎಲ್ಲ ತಾಪತ್ರಯ ಇವೆರಡೂ ಕೊನೆಯವರೆಗೂ ಜೊತೆಗೇ ಇರಲಿ ಅಂತ.

ಆ್ಯಂಟಿಬಾಡಿ ಅಂದರೆ ತನ್ನ ಗುರಿಯನ್ನು ಗುರುತಿಸಿ ಅಂಟಿಕೊಳ್ಳುವ ಪ್ರೋಟೀನ್; ನಾವು ಡೈ ಕಟ್ಟುವುದು ಅದಕ್ಕೆ. ಮೊದಲು ಅದರ ಜೊತೆ ಬಂದ ವಿವರ ಓದಿ. ಅದು ಯಾವ ಬಫರಿನಲ್ಲಿದೆ (ಪಿಎಚ್ ಸ್ಥಿರವಾಗಿಡುವ ದ್ರಾವಣ)? ಕೆಡದಿರಲೆಂದು ಹಾಕುವ ಬಿಎಸ್‌ಎ ಎಂಬ ಹಸುವಿನ ರಕ್ತದ ಪ್ರೋಟೀನ್ ಸೇರಿಸಿದ್ದಾರಾ? ನಾವು ಬಳಸುವ ಡೈಗಳಲ್ಲಿ ಎನ್‌ಎಚ್‌ಎಸ್ ಎಸ್ಟರ್ ಎಂಬ ಅಂಟುವ ತುದಿ ಇರುತ್ತದೆ; ಅಮೈನ್ ಎಂಬ ನೈಟ್ರೋಜನ್ ಗುಂಪು ಸಿಕ್ಕಿದಲ್ಲೆಲ್ಲ ಅವು ಅಂಟುತ್ತವೆ. ಆ್ಯಂಟಿಬಾಡಿಯ ಲೈಸಿನ್ ಎಂಬ ಅಮೈನೋ ಆಮ್ಲಗಳಲ್ಲಿ ಅಮೈನ್ ಇದೆ, ಸರಿ. ಆದರೆ ಬಫರುಗಳಲ್ಲಿ ಬಳಸುವ ಟ್ರಿಸ್‌ನಲ್ಲೂ ಇದೆ, ಗ್ಲೈಸಿನ್‌ನಲ್ಲೂ ಇದೆ. ಅವು ಡೈಯನ್ನೆಲ್ಲ ನುಂಗಿಬಿಡುತ್ತವೆ. ಇವೆರಡನ್ನೂ ಡಯಾಲಿಸಿಸ್ ಮಾಡಿ, ಅಂದರೆ ಚಿಕ್ಕ ಅಣುಗಳಷ್ಟೇ ದಾಟುವ ಪೊರೆಯ ಮೂಲಕ ಸೋಸಿ, ತೆಗೆಯಬಹುದು. ಬಿಎಸ್‌ಎ ಹಾಗೆ ಹೋಗುವುದಿಲ್ಲ, ಅದೂ ದೊಡ್ಡ ಪ್ರೋಟೀನೇ. ಆರ್ಡರ್ ಮಾಡುವಾಗಲೇ ಬಿಎಸ್‌ಎ ಇಲ್ಲದ್ದನ್ನು ಕೇಳಿ ತರಿಸಿಕೊಳ್ಳಿ.

ಆ್ಯಂಟಿಬಾಡಿ ಮಿಲಿಲೀಟರಿಗೆ 1ರಿಂದ 2 ಮಿಲಿಗ್ರಾಂ ಇದ್ದರೆ ಒಳ್ಳೆಯದು. ತೀರಾ ತೆಳುವಾಗಿದ್ದರೆ ಡೈ ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೆ ಹತ್ತನೇ ಒಂದು ಭಾಗದಷ್ಟು 1 ಮೋಲಾರ್ ಸೋಡಿಯಂ ಬೈಕಾರ್ಬೊನೇಟ್ ಸೇರಿಸಿ, ಪಿಎಚ್ ಸುಮಾರು 8.3 ಇರಲಿ. ಪಿಎಚ್ 7ರ ಹತ್ತಿರ ಲೈಸಿನ್‌ಗಳು ಪ್ರೋಟಾನ್ ಹಿಡಿದುಕೊಂಡು ಸುಮ್ನೆ ಕೂತಿರುತ್ತವೆ. ಹಾಗಂತ ಪಿಎಚ್ ಜಾಸ್ತಿ ಏರಿಸಿದರೆ ನೀರೇ ಎಸ್ಟರನ್ನು ಒಡೆಯುತ್ತದೆ. ಪಿಎಚ್ 7ರಲ್ಲಿ ತಣ್ಣಗಿಟ್ಟರೆ ಗಂಟೆಗಟ್ಟಲೆ ತಡೆಯುವ ಎಸ್ಟರ್, 8.6ರಲ್ಲಿ 10 ನಿಮಿಷಕ್ಕೇ ಅರ್ಧವಾಗಿಬಿಡುತ್ತದೆ.

ಡೈ ಸೀಸೆಯನ್ನು ಫ್ರೀಜರಿನಿಂದ ತೆಗೆದ ತಕ್ಷಣ ಮುಚ್ಚಳ ಬಿಚ್ಚಬೇಡಿ. ಕೋಣೆಯ ಬಿಸಿಗೆ ಬರುವವರೆಗೆ ಕಾಯಿರಿ, ಇಲ್ಲದಿದ್ದರೆ ಒಳಗೆ ಹನಿ ಕಟ್ಟುತ್ತದೆ. ತೇವವಿಲ್ಲದ ಡಿಎಂಎಸ್‌ಒ ಎಂಬ ದ್ರಾವಕದಲ್ಲಿ, ಬಳಸುವ ಹೊತ್ತಿಗೆ ಮಾತ್ರ ಕರಗಿಸಿ. ಎಷ್ಟು ಹಾಕಬೇಕು? ಸಾಮಾನ್ಯವಾಗಿ ಬಳಸುವ ಆ್ಯಂಟಿಬಾಡಿಯ ಬಗೆ ಐಜಿಜಿ; ಅದರ 1 ಮಿಲಿಗ್ರಾಂ ಅಂದರೆ ಸುಮಾರು 6.7 ನ್ಯಾನೋಮೋಲ್, ಏಕೆಂದರೆ ಅದರ ಅಣುತೂಕ ಹತ್ತಿರ ಹತ್ತಿರ 1,50,000. ಡೈ ಹತ್ತು ಪಟ್ಟು ಇರಲಿ, ಅಂದರೆ 67 ನ್ಯಾನೋಮೋಲ್. ಹಸಿರು ಹೊಳೆಯುವ ಅಲೆಕ್ಸಾ ಫ್ಲೋರ್ 488 ಡೈ ಆದರೆ ಅದು ಸುಮಾರು 43 ಮೈಕ್ರೋಗ್ರಾಂ. ಮಿಲಿಲೀಟರಿಗೆ 10 ಮಿಲಿಗ್ರಾಂ ಕರಗಿಸಿದ್ದರೆ 4.3 ಮೈಕ್ರೋಲೀಟರ್ ಸಾಕು. ಹಾಕಿದ ಕೂಡಲೇ ಬೆರೆಸಿ, ಫಾಯಿಲ್ ಸುತ್ತಿ, ಒಂದು ಗಂಟೆ ಮೆಲ್ಲಗೆ ತಿರುಗಲು ಬಿಡಿ.

ಆಮೇಲೆ ಅಂಟದೇ ಉಳಿದ ಡೈಯನ್ನು ಬೇರೆ ಮಾಡಬೇಕು. ಸ್ಪಿನ್ ಕಾಲಮ್ ಬೇಗ ಮುಗಿಯುತ್ತದೆ ನಿಜ, ಆದರೆ ಕಲಿಯುವವರು ಒಮ್ಮೆಯಾದರೂ ಸೆಫಾಡೆಕ್ಸ್ ಜಿ-25 ಎಂಬ ರಂಧ್ರವಿರುವ ಮಣಿಗಳನ್ನು ತುಂಬಿದ ಕಾಲಮಿನಲ್ಲಿ ನಿಧಾನಕ್ಕೆ ಇಳಿಸಿ ನೋಡಬೇಕು. ಮೊದಲು ಮೇಲ್ಗಡೆ ಒಂದೇ ಹಳದಿ-ಹಸಿರು ಪಟ್ಟೆ. ಬಫರ್ ಹಾಕುತ್ತಾ ಹೋದಂತೆ ಅದು ಎರಡಾಗುತ್ತದೆ. ಆ್ಯಂಟಿಬಾಡಿ ಮಣಿಗಳ ರಂಧ್ರಕ್ಕೆ ಹಿಡಿಸುವುದಿಲ್ಲ, ಹಾಗಾಗಿ ಹೊರಗಿಂದಲೇ ಬೇಗ ಜಾರಿ ಮುಂದೆ ಬರುತ್ತದೆ. ಚಿಕ್ಕ ಡೈ ಪ್ರತಿ ಮಣಿಯ ಒಳಹೊಕ್ಕು ಹೊರಬಂದು ಹಿಂದೆ ಬೀಳುತ್ತದೆ. ಮುಂದಿನ ಪಟ್ಟೆಯನ್ನು ಮಾತ್ರ ಹಿಡಿಯಿರಿ. ನಡುವಿನ ಹನಿಗಳ ಮೇಲೆ ಆಸೆ ಬೇಡ.

ಈಗ ಲೆಕ್ಕ. ಪ್ರೋಟೀನ್ ಬೆಳಕು ಹೀರುವ 280 ಮತ್ತು ಡೈ ಹೀರುವ 495 ನ್ಯಾನೋಮೀಟರಿನಲ್ಲಿ ಅಬ್ಸಾರ್ಬೆನ್ಸ್, ಅಂದರೆ ಎಷ್ಟು ಬೆಳಕು ಹೀರಿತು ಎಂಬ ಅಳತೆ, ಓದಿ. 280ರಲ್ಲಿ 0.65, 495ರಲ್ಲಿ 0.70 ಬಂತು ಅಂದುಕೊಳ್ಳಿ. ಡೈ ಕೂಡ 280ರಲ್ಲಿ ಸ್ವಲ್ಪ ಬೆಳಕು ಹೀರುತ್ತದೆ, ಅದಕ್ಕೆ 0.70ರ 0.11 ಪಾಲನ್ನು ಕಳೆಯಬೇಕು. ಉಳಿದದ್ದು 0.573. ಅದನ್ನು ಐಜಿಜಿ ಬೆಳಕು ಹೀರುವ ಸ್ಥಿರಾಂಕವಾದ 2,10,000ದಿಂದ ಭಾಗಿಸಿದರೆ ಪ್ರೋಟೀನ್ 2.73 ಮೈಕ್ರೋಮೋಲಾರ್. 0.70ನ್ನು ಡೈಯ ಸ್ಥಿರಾಂಕವಾದ 71,000ದಿಂದ ಭಾಗಿಸಿದರೆ ಡೈ 9.86. ಅಂದರೆ ಒಂದು ಆ್ಯಂಟಿಬಾಡಿಗೆ ಸರಾಸರಿ 3.6 ಡೈ. ನನಗೆ 3ರಿಂದ 5 ಇದ್ದರೆ ಸಮಾಧಾನ. ಜಾಸ್ತಿ ಅಂಟಿದಷ್ಟೂ ಜಾಸ್ತಿ ಹೊಳೆಯುತ್ತದೆ ಎಂಬುದು ಭ್ರಮೆ. ಒತ್ತೊತ್ತಾಗಿ ಕೂತ ಡೈಗಳು ಒಂದರ ಬೆಳಕನ್ನು ಇನ್ನೊಂದು ಕುಗ್ಗಿಸುತ್ತವೆ. ಹಿಡಿಯುವ ಜಾಗದಲ್ಲೇ ಡೈ ಕೂತರೆ ಆ್ಯಂಟಿಬಾಡಿ ತನ್ನ ಗುರಿಯನ್ನೇ ಹಿಡಿಯುವುದಿಲ್ಲ. ಅಣುಗಳ ಜಾಡು ಹಿಡಿಯಲು ಬಳಸಿ, ವಿಜ್ಞಾನಿ ಹೆವೆಸಿಗೆ 1943ರ ರಸಾಯನಶಾಸ್ತ್ರ ನೊಬೆಲ್ ತಂದುಕೊಟ್ಟ ವಿಕಿರಣಶೀಲ ಐಸೊಟೋಪ್‌ಗಳಿಗೆ ಈ ಕಾಟ ಇಲ್ಲ, ಅಲ್ಲಿ ಅಣುವಿನ ರಚನೆ ಇದ್ದ ಹಾಗೇ ಇರುತ್ತದೆ. ನಮ್ಮ ಡೈ ಹೊರಗಿನಿಂದ ಬಂದು ಸೇರಿಕೊಂಡದ್ದು.

ಇನ್ನು ಜಾಡು ಹಿಡಿಯುವ ಕೆಲಸ. ಆ್ಯಂಟಿಬಾಡಿ ಜೀವಂತ ಕೋಶದ ಪೊರೆ ದಾಟಿ ಒಳಗಿನ ಪ್ರೋಟೀನಿಗೆ ಅಂಟುವುದಿಲ್ಲ, ಆದ್ದರಿಂದ ಇದು ಮೇಲ್ಮೈಯ ರಿಸೆಪ್ಟರುಗಳಿಗೆ, ಅಂದರೆ ಹೊರಗಿನ ಸಂದೇಶ ಹಿಡಿಯುವ ಪ್ರೋಟೀನುಗಳಿಗೆ. ಒಳಗಿನದ್ದು ಬೇಕಿದ್ದರೆ ಕೋಶವೇ ತಯಾರಿಸುವಂತೆ ಮಾಡುವ ಹಸಿರು ಹೊಳೆಯುವ ಪ್ರೋಟೀನ್ ಜಿಎಫ್‌ಪಿ ತರಹದ ದಾರಿ ನೋಡಿ. ಕೋಶಗಳನ್ನು ಐಸ್ ಮೇಲಿಟ್ಟು ಆ್ಯಂಟಿಬಾಡಿ ಹಾಕಿ. ಚಳಿಗೆ ಕೋಶ ಒಳಗೆಳೆದುಕೊಳ್ಳುವ ಕೆಲಸ ನಿಲ್ಲಿಸಿರುತ್ತದೆ, ಎಲ್ಲವೂ ಮೇಲೇ ಅಂಟುತ್ತದೆ. ತೊಳೆದು, 37 ಡಿಗ್ರಿಯ ಮೀಡಿಯಂ ಹಾಕಿದ ಆ ಕ್ಷಣವೇ ನಿಮ್ಮ ಸೊನ್ನೆ ನಿಮಿಷ. ಮೀಡಿಯಂನಲ್ಲಿ ಪಿಎಚ್ ತೋರಿಸುವ ಬಣ್ಣ ಫೀನಾಲ್ ರೆಡ್ ಬೇಡ, ಅದು ಹಿನ್ನೆಲೆಯ ಹೊಳಪನ್ನು ಹೆಚ್ಚಿಸುತ್ತದೆ.

ಐಜಿಜಿಗೆ ಎರಡು ಕೈಗಳಿವೆ ಎಂಬುದನ್ನು ಮರೆಯಬೇಡಿ. ಅದು ಎರಡು ರಿಸೆಪ್ಟರುಗಳನ್ನು ಒಟ್ಟಿಗೆ ಕಟ್ಟಿಹಾಕಿ, ಕೋಶ ಅವನ್ನು ಬೇಗ ಒಳಗೆಳೆದುಕೊಳ್ಳುವಂತೆ ಮಾಡಬಹುದು. ಆಗ ನೀವು ನೋಡುವುದು ರಿಸೆಪ್ಟರಿನ ಸಹಜ ಓಡಾಟ ಅಲ್ಲ, ನೀವೇ ಮಾಡಿಸಿದ್ದು. ಚಲನೆಯೇ ನಿಮ್ಮ ಪ್ರಶ್ನೆಯಾದರೆ ಆ್ಯಂಟಿಬಾಡಿಯನ್ನು ಕತ್ತರಿಸಿ ಸಿಗುವ ಒಂದೇ ಕೈಯ ತುಂಡಾದ ಫ್ಯಾಬ್‌ಗೆ ಡೈ ಕಟ್ಟಿ (ಲೇಬಲ್ ಮಾಡಿ).

ಕಂಟ್ರೋಲ್‌ಗಳ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಏನೂ ಹಾಕದ ಕೋಶಗಳು ತಮ್ಮಷ್ಟಕ್ಕೆ ಎಷ್ಟು ಹೊಳೆಯುತ್ತವೆ ನೋಡಿ. ಇನ್ನೊಂದು ತಟ್ಟೆಗೆ ನೀರಿನಲ್ಲಿ ಎಸ್ಟರ್ ಒಡೆದುಹೋದ ಬರೀ ಡೈ ಹಾಕಿ. ಮತ್ತೊಂದಕ್ಕೆ ಲೇಬಲ್ ಇಲ್ಲದ ಅದೇ ಆ್ಯಂಟಿಬಾಡಿಯನ್ನು ಮೊದಲೇ ಧಾರಾಳವಾಗಿ ಹಾಕಿ, ಆಮೇಲೆ ಲೇಬಲ್ ಆದದ್ದನ್ನು ಹಾಕಿ. ಹೊಳಪು ಬಿದ್ದುಹೋಗಬೇಕು. ಬೀಳದಿದ್ದರೆ ನಿಮ್ಮ ಡೈ ಎಲ್ಲೆಲ್ಲೋ ಅಂಟುತ್ತಿದೆ.

ಹೊತ್ತು ಕಳೆದಂತೆ ಚುಕ್ಕೆ ಮಂಕಾದರೆ, ರಿಸೆಪ್ಟರ್ ಕರಗಿಹೋಯಿತು ಎಂದು ಬರೆದುಬಿಡುವ ಮುನ್ನ ಫಿಕ್ಸ್ ಮಾಡಿದ (ರಾಸಾಯನಿಕ ಹಾಕಿ ಇದ್ದ ಹಾಗೇ ನಿಲ್ಲಿಸಿದ) ಕೋಶಗಳಿಗೂ ಅಷ್ಟೇ ಸಲ, ಅಷ್ಟೇ ಬೆಳಕು ಹಾಯಿಸಿ ನೋಡಿ. ಅಲ್ಲೂ ಅಷ್ಟೇ ಮಂಕಾದರೆ ಅದು ಬ್ಲೀಚಿಂಗ್, ಅಂದರೆ ಬೆಳಕು ತಾಗಿ ಡೈಯೇ ಕಳೆಗುಂದಿದ್ದು. ಲೇಸರ್ ಕಡಿಮೆ ಮಾಡಿ, ಎರಡು ಚಿತ್ರಗಳ ನಡುವಿನ ಅಂತರ ಹೆಚ್ಚಿಸಿ, ಹೊಸ ತಟ್ಟೆಯಿಂದ ಶುರುಮಾಡಿ.