ಹಳೆಯ ಕಾರಿನಲ್ಲಿ ಆರದೆ ಉಳಿಯುವ ಕೂಲೆಂಟ್ ದೀಪ: ಕಾರಣವನ್ನು ಕ್ರಮವಾಗಿ ಹುಡುಕುವುದು ಹೇಗೆ?

ಹತ್ತು ಹನ್ನೆರಡು ವರ್ಷ ಓಡಿದ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಕೂಲೆಂಟ್ (ಎಂಜಿನ್ನನ್ನು ತಣ್ಣಗಿಡುವ ದ್ರವ) ದೀಪ ಹತ್ತಿಕೊಂಡು, ಬಾನೆಟ್ಟಿನ ಕೆಳಗಿನ ಕೂಲೆಂಟ್ ಟ್ಯಾಂಕಿಗೆ ತುಂಬಿಸಿದರೂ ಆರದಿರುವುದು, ಅಥವಾ ಒಮ್ಮೆ ಆರಿ ಕೆಲವೇ ದಿನಗಳಲ್ಲಿ ಮತ್ತೆ ಹತ್ತುವುದು ಬಹಳ ಸಾಮಾನ್ಯವಾದ ದೂರು. ಇದರ ಹಿಂದೆ ಇರಬಹುದಾದ ಕಾರಣಗಳು ಮೂರು ಬಗೆಯವು: ಕೂಲೆಂಟ್ ನಿಜವಾಗಿಯೂ ಎಲ್ಲೋ ಹೋಗುತ್ತಿದೆ; ಕೂಲೆಂಟ್ ಇದ್ದರೂ ಎಂಜಿನ್ ಅತಿಯಾಗಿ ಬಿಸಿಯಾಗುತ್ತಿದೆ; ಇಲ್ಲವೇ ಎಲ್ಲವೂ ಸರಿಯಿದ್ದು ಸೆನ್ಸರ್ ಅಥವಾ ಅದರ ವೈರಿಂಗ್ ಮಾತ್ರ ಕೆಟ್ಟಿದೆ. ಮೂರನೆಯದು ಕಡಿಮೆ ಖರ್ಚಿನದಾದ್ದರಿಂದ ಹೆಚ್ಚಿನವರು ಅದನ್ನೇ ಮೊದಲು ನಂಬಲು ಬಯಸುತ್ತಾರೆ. ಆದರೆ ಮೊದಲೆರಡು ಕಾರಣಗಳಲ್ಲವೆಂದು ಖಚಿತವಾಗುವ ತನಕ ಸೆನ್ಸರನ್ನು ದೂರಬಾರದು ಎಂಬುದೇ ಈ ಬರಹದ ಮುಖ್ಯ ಸಲಹೆ. ಉದಾಹರಣೆಗೆ ನಮ್ಮ ರಸ್ತೆಗಳಲ್ಲಿ ಈಗಲೂ ಸಾಕಷ್ಟು ಕಾಣಸಿಗುವ ಫೋಕ್ಸ್‌ವ್ಯಾಗನ್ ಪೋಲೊ, ವೆಂಟೊ, ಸ್ಕೋಡಾ ಫ್ಯಾಬಿಯಾದಂತಹ ಕಾರುಗಳನ್ನು ಇಟ್ಟುಕೊಂಡಿದ್ದೇನೆ. ಇಲ್ಲಿನ ಹೆಚ್ಚಿನ ಮಾತುಗಳು ಬೇರೆ ಕಾರುಗಳಿಗೂ ಹೊಂದುತ್ತವೆ, ಹೊಂದದ ಕಡೆ ಅದನ್ನು ಹೇಳಿದ್ದೇನೆ.

ಮೊದಲು ಹತ್ತಿರುವ ದೀಪ ಯಾವುದೆಂದು ಸರಿಯಾಗಿ ನೋಡಬೇಕು. ಅಲೆಗಳ ಮೇಲೆ ನಿಂತ ಥರ್ಮಾಮೀಟರಿನ ಚಿತ್ರ ನೀಲಿ ಬಣ್ಣದಲ್ಲಿದ್ದರೆ ಎಂಜಿನ್ ಇನ್ನೂ ತಣ್ಣಗಿದೆ ಎಂದಷ್ಟೇ ಅರ್ಥ. ಕೆಲವು ನಿಮಿಷ ಓಡಿಸಿದ ಮೇಲೆ ಅದು ತಾನೇ ಆರಬೇಕು. ಅರ್ಧ ಗಂಟೆ ಓಡಿಸಿದರೂ ನೀಲಿ ದೀಪ ಆರದಿದ್ದರೆ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ತೆರೆದು ಕೂಲೆಂಟನ್ನು ತಣಿಯಲು ರೇಡಿಯೇಟರಿಗೆ ಬಿಡುವ ವಾಲ್ವ್) ತೆರೆದೇ ಸಿಕ್ಕಿಕೊಂಡಿರುವ ಸಾಧ್ಯತೆ ಹೆಚ್ಚು. ಅದೇ ಚಿತ್ರ ಕೆಂಪಾಗಿ ಮಿನುಗಿದರೆ ವಿಷಯ ಬೇರೆ. ಪೋಲೊ, ಫ್ಯಾಬಿಯಾಗಳಲ್ಲಿ ಕೂಲೆಂಟ್ ಮಟ್ಟ ಇಳಿದಾಗಲೂ ಬಿಸಿ ಮಿತಿ ಮೀರಿದಾಗಲೂ ಇದೇ ಒಂದು ಕೆಂಪು ದೀಪ ಮಿನುಗುತ್ತದೆ, ಹೀಗಾಗಿ ದೀಪವೊಂದರಿಂದಲೇ ತೀರ್ಮಾನಕ್ಕೆ ಬರಲಾಗದು. ಉಷ್ಣತೆ ತೋರಿಸುವ ಸೂಜಿ ಇರುವ ಕಾರಿನಲ್ಲಿ ಸೂಜಿಯನ್ನು ನೋಡಬೇಕು. ಆದರೆ ಅದನ್ನೂ ಪೂರ್ತಿ ನಂಬುವಂತಿಲ್ಲ. ಕೂಲೆಂಟ್ ಬಹುತೇಕ ಖಾಲಿಯಾದಾಗ ಉಷ್ಣತೆಯ ಸೆನ್ಸರಿನ ಸುತ್ತ ದ್ರವವೇ ಇರುವುದಿಲ್ಲವಾದ್ದರಿಂದ, ಎಂಜಿನ್ ಸುಡುತ್ತಿದ್ದರೂ ಸೂಜಿ ನಡುವಿನಲ್ಲಿ ಅಥವಾ ಅದಕ್ಕಿಂತ ಕೆಳಗೆ ನಿಂತಿರಬಹುದು. ಓಬಿಡಿ ಪೋರ್ಟಿಗೆ, ಅಂದರೆ ಕಾರಿನ ಕಂಪ್ಯೂಟರಿನಿಂದ ಮಾಹಿತಿ ಓದುವ ಕನೆಕ್ಟರಿಗೆ, ಸಿಕ್ಕಿಸುವ ಚಿಕ್ಕ ಬ್ಲೂಟೂತ್ ಸಾಧನವಿದ್ದರೆ ಡಿಗ್ರಿಗಳಲ್ಲಿ ಓದಬಹುದು, ಹಳೆಯ ಕಾರು ಇಟ್ಟುಕೊಂಡವರಿಗೆ ಅದು ಒಳ್ಳೆಯ ಹೂಡಿಕೆ. ಆದರೆ ಅದೂ ಓದುವುದು ಕಾರಿನದೇ ಸೆನ್ಸರನ್ನು ಎಂಬುದು ನೆನಪಿರಲಿ.

ದಾರಿಯಲ್ಲಿ ಹೋಗುತ್ತಿರುವಾಗ ಕೆಂಪು ದೀಪ ಹತ್ತಿದರೆ, ವಿಶೇಷವಾಗಿ ಶಿರಾಡಿ, ಚಾರ್ಮಾಡಿಯಂತಹ ಘಾಟಿ ಏರುತ್ತಿರುವಾಗ, ಮುಂದಿನ ಊರಿನ ತನಕ ಹೋಗಿಬಿಡೋಣ ಎಂದುಕೊಳ್ಳಬಾರದು. ಎಸಿ ನಿಲ್ಲಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರನ್ನು ಜೋರಾಗಿ ಇಟ್ಟು, ಸುರಕ್ಷಿತವಾದ ಜಾಗ ಸಿಕ್ಕ ಕೂಡಲೇ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಬೇಕು. ಹೀಟರ್ ಕೂಡ ಎಂಜಿನ್ನಿನ ಬಿಸಿಯನ್ನೇ ಎಳೆದು ಒಳಗೆ ಬಿಡುವುದರಿಂದ ಆ ಕೆಲವು ನೂರು ಮೀಟರಿನ ಮಟ್ಟಿಗೆ ಅದು ಎರಡನೆಯ ರೇಡಿಯೇಟರಿನಂತೆ ನೆರವಾಗುತ್ತದೆ. ಬಾನೆಟ್ ಎತ್ತಿ ಬಿಡಬಹುದು, ಟ್ಯಾಂಕಿನ ಮುಚ್ಚಳಕ್ಕೆ ಮಾತ್ರ ಕೈ ಹಾಕಬಾರದು. ಒಳಗಿನ ದ್ರವ 100 ಡಿಗ್ರಿಗಿಂತ ಮೇಲಿದ್ದೂ ಒತ್ತಡದ ಕಾರಣದಿಂದ ಕುದಿಯದೆ ಇರುತ್ತದೆ. ಮುಚ್ಚಳ ಸಡಿಲವಾದ ಕ್ಷಣ ಅದು ಒಮ್ಮೆಲೇ ಆವಿಯಾಗಿ ಮುಖದ ಮೇಲೆ ಚಿಮ್ಮುತ್ತದೆ. ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಇನ್ನೂ ಹೆಚ್ಚು ಕಾದು, ರೇಡಿಯೇಟರಿನ ಮೇಲಿನ ಹೋಸ್ ಪೈಪನ್ನು ಮುಟ್ಟಬಹುದಾದಷ್ಟು ತಣ್ಣಗಾದ ಮೇಲೆ, ದಪ್ಪ ಬಟ್ಟೆ ಹಿಡಿದು ಸ್ವಲ್ಪವೇ ತಿರುಗಿಸಿ ಒತ್ತಡ ಇಳಿಯಲು ಬಿಡಬೇಕು. ಸುಡುವ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ (ಎಂಜಿನ್ನಿನ ಸಿಲಿಂಡರುಗಳ ಮೇಲಿನ ಲೋಹದ ಭಾಗ) ಬಿರುಕು ಬಿಡಬಹುದು, ಆದ್ದರಿಂದ ತುಂಬಿಸುವುದೂ ತಣಿದ ಮೇಲೆಯೇ.

ಮನೆಯಲ್ಲಿ ಮಾಡುವ ಮೊದಲ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ರಾತ್ರಿಯಿಡೀ ನಿಂತ ಕಾರು, ಸಮತಟ್ಟಾದ ನೆಲ, ಬೆಳಗಿನ ತಣ್ಣನೆಯ ಎಂಜಿನ್. ಟ್ಯಾಂಕಿನ ಮೇಲಿನ ಮಿನ್ ಮತ್ತು ಮ್ಯಾಕ್ಸ್ ಗೆರೆಗಳ ನಡುವೆ ದ್ರವ ಎಲ್ಲಿದೆಯೋ ಅಲ್ಲಿಗೆ ಒಂದು ತುಂಡು ಟೇಪ್ ಅಂಟಿಸಿ, ದಿನಾಂಕ ಮತ್ತು ಕಿಲೋಮೀಟರ್ ಬರೆದಿಡಿ. ಹಳೆಯ ಟ್ಯಾಂಕಿನ ಪ್ಲಾಸ್ಟಿಕ್ ಹಳದಿಗಟ್ಟಿ ಮಟ್ಟ ಕಾಣದಿದ್ದರೆ ಹಿಂದಿನಿಂದ ಟಾರ್ಚ್ ಹಿಡಿದರೆ ತಿಳಿಯುತ್ತದೆ. ಒಂದು ವಾರ ಇದನ್ನೇ ಪುನರಾವರ್ತಿಸಿದರೆ ಸಿಗುವ ಮಾಹಿತಿ ಗ್ಯಾರೇಜಿನಲ್ಲಿ ಅರ್ಧ ದಿನ ಕಳೆದರೂ ಸಿಗುವುದಿಲ್ಲ. ಮಟ್ಟ ಟೇಪಿನಿಂದ ಕದಲದೆ ದೀಪ ಮಾತ್ರ ಹತ್ತುತ್ತಿದ್ದರೆ, ಬಿಸಿಯೂ ಸರಿಯಿದ್ದರೆ, ಅನುಮಾನ ಸೆನ್ಸರಿನತ್ತ ತಿರುಗುತ್ತದೆ. ವಾರದಲ್ಲಿ ಬೆರಳಿನ ಅಗಲದಷ್ಟು ಇಳಿದಿದ್ದರೂ ಸೋರಿಕೆ ಇದೆ ಎಂದೇ ತಿಳಿಯಬೇಕು, ಏಕೆಂದರೆ ಇದು ಮುಚ್ಚಿದ ವ್ಯವಸ್ಥೆ, ಪದೇ ಪದೇ ತುಂಬಿಸುವ ಅಗತ್ಯ ಬರಲೇಬಾರದು. ಹಳೆಯ ಮಾರುತಿಯಂತಹ ಕಾರುಗಳಲ್ಲಿ ಒಂದು ವ್ಯತ್ಯಾಸವಿದೆ. ಅವುಗಳಲ್ಲಿ ಒತ್ತಡದ ಮುಚ್ಚಳ ರೇಡಿಯೇಟರಿನ ಮೇಲಿರುತ್ತದೆ, ಬದಿಯ ಬಾಟಲಿ ಬರೀ ಹೆಚ್ಚುವರಿ ದ್ರವಕ್ಕೆ. ಮುಚ್ಚಳದ ವಾಲ್ವ್ ಕೆಟ್ಟರೆ ಬಾಟಲಿ ತುಂಬಿದ್ದರೂ ರೇಡಿಯೇಟರ್ ಒಳಗೆ ಖಾಲಿ ಇರಬಹುದು, ಹೀಗಾಗಿ ತಣ್ಣಗಿರುವಾಗ ರೇಡಿಯೇಟರಿನ ಮುಚ್ಚಳವನ್ನೇ ತೆಗೆದು ನೋಡಬೇಕು.

ಮಟ್ಟ ಇಳಿಯುತ್ತಿದ್ದರೆ ಅದು ಹೊರಗೆ ಹೋಗುತ್ತಿದೆಯೇ ಒಳಗೆ ಹೋಗುತ್ತಿದೆಯೇ ಎಂಬುದು ಮುಂದಿನ ಪ್ರಶ್ನೆ. ರಾತ್ರಿ ಕಾರಿನ ಕೆಳಗೆ ದೊಡ್ಡ ರಟ್ಟು ಹಾಸಿಡಿ. ಎಸಿಯ ನೀರಿಗೆ ಬಣ್ಣವೂ ವಾಸನೆಯೂ ಇರುವುದಿಲ್ಲ. ಕೂಲೆಂಟಿಗೆ ಬಣ್ಣವಿರುತ್ತದೆ, ಬೆರಳಿಗೆ ಜಾರುತ್ತದೆ, ಸಿಹಿಯಾದ ವಾಸನೆ ಬರುತ್ತದೆ. ರಟ್ಟು ಒಣಗಿದ್ದರೂ ಸೋರಿಕೆಯಿಲ್ಲ ಎಂದಲ್ಲ, ಏಕೆಂದರೆ ಬಿಸಿ ಎಂಜಿನ್ನಿನ ಮೇಲೆ ಬಿದ್ದ ಹನಿ ಅಲ್ಲೇ ಆರಿ ಬಿಳಿಯ, ಗುಲಾಬಿಯ ಅಥವಾ ಹಸಿರು ಪುಡಿಯನ್ನು ಬಿಟ್ಟುಹೋಗುತ್ತದೆ. ಆ ಪುಡಿಯ ಗೆರೆಯನ್ನೇ ಹುಡುಕಬೇಕು. ಹೋಸ್ ಪೈಪಿನ ತುದಿಗಳಲ್ಲಿ, ಕ್ಲ್ಯಾಂಪ್ ಕಚ್ಚಿದ ಜಾಗದಲ್ಲಿ, ರೇಡಿಯೇಟರಿನ ಅಲ್ಯೂಮಿನಿಯಂ ಭಾಗಕ್ಕೆ ಪ್ಲಾಸ್ಟಿಕ್ ಟ್ಯಾಂಕ್ ಸೇರುವ ಅಂಚಿನಲ್ಲಿ, ಥರ್ಮೋಸ್ಟಾಟಿನ ಪ್ಲಾಸ್ಟಿಕ್ ಕವಚದ ಕೆಳಗೆ ಅದು ಹೆಚ್ಚಾಗಿ ಕಾಣುತ್ತದೆ. ಹೋಸನ್ನು ತಣ್ಣಗಿರುವಾಗ ಹಿಚುಕಿ ನೋಡಿ: ಗಟ್ಟಿಯಾಗಿ ಕರಕರ ಎಂದರೆ ಅಥವಾ ಎಣ್ಣೆ ಕುಡಿದು ಮೆತ್ತಗೆ ಉಬ್ಬಿದ್ದರೆ ಅದರ ಕಾಲ ಮುಗಿದಿದೆ. ವಾಟರ್ ಪಂಪಿನ ಕೆಳಗೆ ಒಂದು ಚಿಕ್ಕ ರಂಧ್ರವಿರುತ್ತದೆ. ಒಳಗಿನ ಸೀಲ್ ಸವೆದಾಗ ನೀರು ಬೇರಿಂಗಿಗೆ ಹೋಗದೆ ಹೊರಗೆ ಬರಲೆಂದೇ ಅದನ್ನು ಬಿಟ್ಟಿರುತ್ತಾರೆ. ಅಲ್ಲಿ ಒಣಗಿದ ಬಣ್ಣದ ಗೆರೆ ಧಾರಾಳವಾಗಿ ಕಂಡರೆ ಪಂಪ್ ಬದಲಿಸುವ ಹೊತ್ತಾಗಿದೆ. ಟೈಮಿಂಗ್ ಬೆಲ್ಟಿನಿಂದ ತಿರುಗುವ ಪಂಪ್ ಆದರೆ ಬೆಲ್ಟನ್ನೂ ಜೊತೆಯಲ್ಲೇ ಬದಲಿಸುವುದು ಸರಿ, ಕೂಲಿ ಹೇಗೂ ಒಂದೇ.

ಕಾರಿನ ಒಳಗೆ ಸಿಹಿ ವಾಸನೆ, ಮುಂದಿನ ಗಾಜಿನ ಮೇಲೆ ಒರೆಸಿದರೂ ಹೋಗದ ಜಿಡ್ಡಿನ ಮಬ್ಬು, ಕಾಲಿಡುವ ಜಾಗದ ಕಾರ್ಪೆಟ್ ಒದ್ದೆಯಾಗಿರುವುದು, ಇವು ಹೀಟರ್ ಕೋರ್ (ಕಾರಿನ ಒಳಗೆ ಬಿಸಿಗಾಳಿ ಕೊಡಲು ಕೂಲೆಂಟ್ ಹರಿಯುವ ಚಿಕ್ಕ ರೇಡಿಯೇಟರ್) ಸೋರುತ್ತಿರುವ ಲಕ್ಷಣಗಳು. ಕಣ್ಣಿಗೆ ಏನೂ ಸಿಗದಿದ್ದರೆ ಒತ್ತಡದ ಪರೀಕ್ಷೆ ಮಾಡಿಸಿ. ಟ್ಯಾಂಕಿನ ಬಾಯಿಗೆ ಕೈಪಂಪ್ ಜೋಡಿಸಿ, ಮುಚ್ಚಳದ ಮೇಲೆ ಬರೆದಿರುವ ಒತ್ತಡದಷ್ಟು, ಅಂದರೆ ಹೆಚ್ಚಿನ ಕಾರುಗಳಲ್ಲಿ ಸುಮಾರು 1 ಬಾರ್‌ನಿಂದ 1.4 ಬಾರ್ ತನಕ, ಗಾಳಿ ತುಂಬಿ ಹತ್ತು ಹದಿನೈದು ನಿಮಿಷ ಮುಳ್ಳು ಇಳಿಯುತ್ತದೆಯೇ ಎಂದು ನೋಡುತ್ತಾರೆ. ತಣ್ಣನೆಯ ಎಂಜಿನ್ನಿನಲ್ಲಿ ಮಾಡುವ ಪರೀಕ್ಷೆಯಾದ್ದರಿಂದ ಹನಿ ಆರಿಹೋಗದೆ ತನ್ನ ಜಾಗವನ್ನು ತೋರಿಸುತ್ತದೆ. ಈ ಉಪಕರಣವಿಲ್ಲದ ಗ್ಯಾರೇಜಿನವರು ಅಂದಾಜಿನ ಮೇಲೆ ಬಿಡಿಭಾಗಗಳನ್ನು ಬದಲಿಸಲು ಹೊರಟರೆ ಬೇರೆ ಗ್ಯಾರೇಜಿಗೆ ಹೋಗುವುದು ಮೇಲು.

ಮುಚ್ಚಳಕ್ಕೆ ಸಿಗಬೇಕಾದ ಗಮನ ಸಿಗುವುದೇ ಇಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಎಂಜಿನ್ ಕೆಲಸ ಮಾಡುವುದೂ 90 ಡಿಗ್ರಿಯ ಆಸುಪಾಸಿನಲ್ಲೇ. ಕೂಲೆಂಟ್ ಮತ್ತು ನೀರನ್ನು ಸಮ ಪ್ರಮಾಣದಲ್ಲಿ ಬೆರೆಸಿ, ಸರಿಯಾದ ಮುಚ್ಚಳ ಒಂದು ಬಾರ್‌ನಷ್ಟು ಒತ್ತಡ ಹಿಡಿದಿಟ್ಟಾಗ ಕುದಿಯುವ ಬಿಂದು 120 ಡಿಗ್ರಿಯನ್ನು ದಾಟುತ್ತದೆ. ಮುಚ್ಚಳದ ರಬ್ಬರ್ ಒಣಗಿದರೆ ಆ ರಕ್ಷಣೆ ಹೋಗಿ, ದ್ರವ ಆವಿಯಾಗಿ ಮುಚ್ಚಳದ ಅಂಚಿನಿಂದಲೇ ಜಾರಿಕೊಳ್ಳುತ್ತದೆ, ನೆಲದ ಮೇಲೆ ಒಂದು ಹನಿಯೂ ಕಾಣುವುದಿಲ್ಲ. ಆ ಅಂಚಿನಲ್ಲಿ ಬಣ್ಣದ ಪುಡಿ ಕಂಡರೆ, ಅದೇ ಒತ್ತಡದ ಸಂಖ್ಯೆಯಿರುವ ಹೊಸ ಮುಚ್ಚಳ ಹಾಕಿ ಒಂದು ವಾರ ಟೇಪಿನ ಗುರುತು ನೋಡಿ.

ಹೊರಗೆ ಸೋರಿಕೆ ಇಲ್ಲವೆಂದು ಖಚಿತವಾದರೆ ಒಳಗಿನದನ್ನು ಎದುರಿಸಲೇಬೇಕು. ತಣ್ಣನೆಯ ಎಂಜಿನ್ ಶುರು ಮಾಡಿದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾಗುವುದು, ಟ್ಯಾಂಕಿನಲ್ಲಿ ಬಿಡದೆ ಗುಳ್ಳೆಗಳು ಏಳುವುದು, ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಬಿಳಿಯ ಹೊಗೆ ಬರುವುದು, ಎಂಜಿನ್ ಆಯಿಲ್ ಹಾಲು ಬೆರೆಸಿದ ಬಣ್ಣಕ್ಕೆ ತಿರುಗುವುದು ಹೆಡ್ ಗ್ಯಾಸ್ಕೆಟ್ (ಹೆಡ್ಡಿಗೂ ಎಂಜಿನ್ನಿಗೂ ನಡುವಿನ ಸೀಲ್) ಹೋಗಿರುವ ಸೂಚನೆಗಳು. ಬರೀ ಕಡಿಮೆ ದೂರದ ಓಡಾಟದಿಂದಲೂ ಆಯಿಲ್ ಮುಚ್ಚಳದ ಅಡಿಯಲ್ಲಿ ಸ್ವಲ್ಪ ಕೆನೆ ಕಟ್ಟುವುದುಂಟು, ಅದೊಂದನ್ನೇ ಕಂಡು ಗಾಬರಿಯಾಗಬೇಕಿಲ್ಲ. ಟ್ಯಾಂಕಿನ ಗಾಳಿಯನ್ನು ನೀಲಿ ದ್ರಾವಣದ ಮೂಲಕ ಹಾಯಿಸುವ ಪರೀಕ್ಷೆಯಲ್ಲಿ, ಸಿಲಿಂಡರಿನ ಹೊಗೆ ಕೂಲೆಂಟಿಗೆ ಸೇರುತ್ತಿದ್ದರೆ ದ್ರಾವಣ ಹಸಿರು ಅಥವಾ ಹಳದಿಗೆ ತಿರುಗುತ್ತದೆ. ಹೆಡ್ ಬಿಚ್ಚಲು ಒಪ್ಪುವ ಮುನ್ನ ಈ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಿ.

ಮಟ್ಟ ಕದಲದೆ ಬಿಸಿ ಮಾತ್ರ ಏರುತ್ತಿದ್ದರೆ ಅದು ಯಾವಾಗ ಏರುತ್ತದೆ ಎಂಬುದೇ ಸುಳಿವು. ಟ್ರಾಫಿಕ್ಕಿನಲ್ಲಿ ನಿಂತಾಗ ಏರಿ, ಓಡುವಾಗ ಇಳಿದರೆ ರೇಡಿಯೇಟರ್ ಫ್ಯಾನ್, ಅದರ ಫ್ಯೂಸ್ ಅಥವಾ ರಿಲೇ. ಹೆದ್ದಾರಿಯ ವೇಗದಲ್ಲಿ ಏರಿದರೆ ಥರ್ಮೋಸ್ಟಾಟ್, ಕಟ್ಟಿಕೊಂಡ ರೇಡಿಯೇಟರ್ ಅಥವಾ ವಾಟರ್ ಪಂಪ್.

ಇಷ್ಟೆಲ್ಲ ಆದ ಮೇಲೆ ಸೆನ್ಸರಿನ ಸರದಿ. ಪೋಲೊ, ಫ್ಯಾಬಿಯಾಗಳ ಟ್ಯಾಂಕಿನ ಒಳಗೆ ಎರಡು ಲೋಹದ ಕಡ್ಡಿಗಳಿರುತ್ತವೆ. ಕೂಲೆಂಟಿನ ಮೂಲಕ ಇವೆರಡರ ನಡುವೆ ಅಲ್ಪ ವಿದ್ಯುತ್ ಹರಿಯುತ್ತಿರುವಷ್ಟು ಕಾಲ ದೀಪ ಆರಿರುತ್ತದೆ. ಕಡ್ಡಿಗಳ ಮೇಲೆ ಪಾಚಿಯಂತಹ ಪದರ ಕಟ್ಟಿದರೆ ಅಥವಾ ಅವು ಸವೆದರೆ ಟ್ಯಾಂಕ್ ತುಂಬಿದ್ದರೂ ದೀಪ ಹತ್ತುತ್ತದೆ. ಕೂಲೆಂಟ್ ಬೆರೆಸದೆ ಬರೀ ಡಿಸ್ಟಿಲ್ಡ್ ವಾಟರ್ ತುಂಬಿದಾಗಲೂ ಇದೇ ಆಗಬಹುದು, ಏಕೆಂದರೆ ಶುದ್ಧ ನೀರಿನಲ್ಲಿ ವಿದ್ಯುತ್ ಸರಿಯಾಗಿ ಹರಿಯುವುದಿಲ್ಲ. ಕೀ ತೆಗೆದು, ಟ್ಯಾಂಕಿನ ತಳದ ಕನೆಕ್ಟರನ್ನು ಬಿಚ್ಚಿ, ಪಿನ್ನುಗಳಲ್ಲಿ ಹಸಿರು ಕಿಲುಬು ಇದೆಯೇ ನೋಡಿ, ಇದ್ದರೆ ಕಾಂಟ್ಯಾಕ್ಟ್ ಕ್ಲೀನರಿನಿಂದ ಸ್ವಚ್ಛಗೊಳಿಸಿ. ನಂತರ ಕನೆಕ್ಟರಿನ ಎರಡು ತುದಿಗಳನ್ನು ಪರೀಕ್ಷೆಗಾಗಿ ಮಾತ್ರ ಒಂದು ತುಂಡು ವೈರಿನಿಂದ ಸೇರಿಸಿ, ಎಂಜಿನ್ ಶುರು ಮಾಡದೆ ಕೀ ಹಾಕಿ ನೋಡಿ. ದೀಪ ಆರಿದರೆ ವೈರಿಂಗ್ ಸರಿಯಿದೆ, ದೋಷ ಟ್ಯಾಂಕಿನದು. ಆರದಿದ್ದರೆ ವೈರಿಂಗ್ ನೋಡಬೇಕು. ಕಡ್ಡಿಗಳು ಟ್ಯಾಂಕಿನೊಳಗೇ ಕೂಡಿಕೊಂಡಿರುವುದರಿಂದ ಬದಲಿಸಬೇಕಾದ್ದು ಇಡೀ ಟ್ಯಾಂಕ್. ಬೇರೆ ಹಲವು ಕಾರುಗಳಲ್ಲಿ ಆಯಸ್ಕಾಂತವಿರುವ ತೇಲುಬುರುಡೆಯೂ ಅದರ ಹತ್ತಿರ ಸ್ವಿಚ್ಚೂ ಇರುತ್ತವೆ. ಅವುಗಳಲ್ಲಿ ವೈರಿಂಗಿನ ಕ್ರಮ ತಿಳಿಯದೆ ಈ ಪರೀಕ್ಷೆ ಮಾಡಬಾರದು. ದೀಪ ಆರಿತೆಂದು ಆ ತುಂಡು ವೈರನ್ನು ಅಲ್ಲೇ ಬಿಟ್ಟುಬಿಡುವುದಂತೂ ಸಲ್ಲದು, ಮುಂದೆ ನಿಜವಾಗಿ ಕೂಲೆಂಟ್ ಖಾಲಿಯಾದ ದಿನ ಎಚ್ಚರಿಸಲು ಏನೂ ಇರುವುದಿಲ್ಲ.

ಥರ್ಮೋಸ್ಟಾಟನ್ನೇ ಕಿತ್ತುಹಾಕುವ ಸಲಹೆಯನ್ನೂ ನಮ್ಮ ಕಡೆಯ ಎಷ್ಟೋ ಗ್ಯಾರೇಜುಗಳಲ್ಲಿ ಕೇಳುತ್ತೇವೆ. ಹಾಗೆ ಮಾಡಿದ ಎಂಜಿನ್ ಸರಿಯಾದ ಬಿಸಿಗೆ ಬರುವುದೇ ತಡವಾಗಿ ಇಂಧನ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ನಿಜವಾದ ದೋಷ ಹಾಗೆಯೇ ಉಳಿಯುತ್ತದೆ. ಸೋರಿಕೆ ಮುಚ್ಚುವ ಪುಡಿ ಅಥವಾ ದ್ರಾವಣವನ್ನು ಹಾಕಿದರೆ ಅದು ಹೀಟರ್ ಕೋರಿನ ಸಣ್ಣ ನಾಳಗಳನ್ನೂ ಮುಚ್ಚಬಹುದು, ಹೀಗಾಗಿ ಊರು ಸೇರುವ ತುರ್ತಿಗೆ ಹೊರತು ಅದನ್ನು ಬಳಸಬೇಡಿ.

ದುರಸ್ತಿಯ ನಂತರ ತುಂಬಿಸುವಾಗ ಬೋರ್‌ವೆಲ್ ನೀರನ್ನು ಬಳಸಲೇಬಾರದು. ನಮ್ಮ ಬಹುಪಾಲು ಜಿಲ್ಲೆಗಳ ಗಡಸು ನೀರು ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿಯ ಸುಣ್ಣವನ್ನೇ ರೇಡಿಯೇಟರಿನ ಒಳಗೂ ಕಟ್ಟುತ್ತದೆ. ಕಾರಿನ ಕೈಪಿಡಿಯಲ್ಲಿ ಹೇಳಿದ ದರ್ಜೆಯ ಕೂಲೆಂಟನ್ನು ಡಿಸ್ಟಿಲ್ಡ್ ವಾಟರಿನೊಂದಿಗೆ ಬೆರೆಸಿ, ಅಥವಾ ಬೆರೆಸಿಯೇ ಬರುವುದನ್ನು ಕೊಳ್ಳಿ. ಬಣ್ಣ ನೋಡಿ ಕೊಳ್ಳಬೇಡಿ. ಬಣ್ಣಕ್ಕೆ ಎಲ್ಲರೂ ಪಾಲಿಸುವ ನಿಯಮವಿಲ್ಲ, ಒಂದಕ್ಕೊಂದು ಹೊಂದದ ಕೂಲೆಂಟ್‌ಗಳು ಬೆರೆತರೆ ಕಂದು ಬಣ್ಣದ ಗಸಿಯಾಗುತ್ತದೆ. ಮೊದಲು ಯಾವುದಿತ್ತೆಂದು ತಿಳಿಯದಿದ್ದರೆ ಪೂರ್ತಿ ಇಳಿಸಿ, ತೊಳೆದು, ಹೊಸದನ್ನು ತುಂಬಿಸುವುದೇ ಸರಿ. ತುಂಬಿಸಿದ ಮೇಲೆ ಹೀಟರನ್ನು ಪೂರ್ತಿ ಬಿಸಿಗೆ ಇಟ್ಟು, ಫ್ಯಾನ್ ಒಮ್ಮೆ ತಿರುಗಿ ನಿಲ್ಲುವ ತನಕ ಎಂಜಿನ್ ಓಡಿಸಬೇಕು. ಗಾಳಿ ಬಿಡುವ ಸ್ಕ್ರೂ ಇರುವ ಕಾರಿನಲ್ಲಿ ಕೈಪಿಡಿಯ ಪ್ರಕಾರ ಅದನ್ನು ಸಡಿಲಿಸಬೇಕು. ಮರುದಿನ ಬೆಳಿಗ್ಗೆ ಮಟ್ಟ ಸ್ವಲ್ಪ ಇಳಿದಿದ್ದರೆ ಅದು ಗಾಳಿ ಹೊರಬಿದ್ದ ಲೆಕ್ಕ, ಒಮ್ಮೆ ಸರಿಮಾಡಿ ಟೇಪನ್ನು ಹೊಸ ಮಟ್ಟಕ್ಕೆ ಅಂಟಿಸಿ. ಮೂರನೆಯ ದಿನವೂ ಇಳಿದರೆ ಮತ್ತೆ ಸೋರಿಕೆಯ ಹುಡುಕಾಟಕ್ಕೇ ಮರಳಬೇಕು.

ಇಳಿಸಿದ ಹಳೆಯ ಕೂಲೆಂಟನ್ನು ಚರಂಡಿಗೂ ಅಂಗಳಕ್ಕೂ ಚೆಲ್ಲಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುವುದರಿಂದ ನಾಯಿ ಬೆಕ್ಕುಗಳು ನೆಕ್ಕುತ್ತವೆ, ಸ್ವಲ್ಪವೇ ಹೊಟ್ಟೆಗೆ ಹೋದರೂ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಮಕ್ಕಳಿಗೂ ಅದೇ ಅಪಾಯ. ಕ್ಯಾನಿನಲ್ಲಿ ತುಂಬಿ, ಬಿಗಿಯಾಗಿ ಮುಚ್ಚಿ, ಮೇಲೆ ವಿಷ ಎಂದು ಬರೆದು, ಹಳೆಯ ಆಯಿಲನ್ನು ಸಂಗ್ರಹಿಸಿ ವಿಲೇವಾರಿ ಮಾಡುವ ಸರ್ವೀಸ್ ಸೆಂಟರಿನವರು ಅದನ್ನೂ ತೆಗೆದುಕೊಳ್ಳುತ್ತಾರೆಯೇ ಎಂದು ವಿಚಾರಿಸಿ ಅಲ್ಲಿಗೆ ಒಪ್ಪಿಸಿ.