ಸ್ಲೋ ಕುಕ್ಕರಿನ ಸಬ್ಬಕ್ಕಿ ಪಾಯಸ, ಮಕ್ಕಳ ಕೈಯ ಬಣ್ಣ

ಮಕ್ಕಳನ್ನು ಜೊತೆಗಿಟ್ಟುಕೊಂಡು ಸಿಹಿ ಮಾಡುವುದಾದರೆ ಅವರಿಗೆ ಯಾವ ಕೆಲಸ ಕೊಡುತ್ತೀರಿ ಅನ್ನುವುದನ್ನು ಮೊದಲೇ ಯೋಚಿಸಿಟ್ಟುಕೊಳ್ಳಿ. ಕುದಿಯುವ ಪಾಕ, ಕಾದ ತುಪ್ಪದ ಹತ್ತಿರ ಅವರನ್ನು ನಿಲ್ಲಿಸಿಕೊಂಡರೆ ಅಡಿಗೆ ಹೋಗಿ ಕಾವಲು ಕಾಯುವುದೇ ಕೆಲಸವಾಗುತ್ತದೆ. ಸ್ಲೋ ಕುಕ್ಕರ್ ಅಂದರೆ ಕರೆಂಟಿನಲ್ಲಿ ನಿಧಾನವಾಗಿ ಬೇಯಿಸುವ ಪಿಂಗಾಣಿ ಪಾತ್ರೆ. ಅದರಲ್ಲಿ ಉರಿಯಿಲ್ಲ, ಹಾಲು ಉಕ್ಕುವುದಿಲ್ಲ. ಹಿಂದೆ ಬೆರಣಿ ಕೆಂಡದ ಮೇಲೆ ಹಾಲಿನ ಮಡಕೆ ಇಟ್ಟು ಬೇರೆ ಕೆಲಸಕ್ಕೆ ಹೋಗುತ್ತಿದ್ದರಲ್ಲ, ಅದೇ ಹದದ ಕಾವು ಇದು. ಬೇಯುವುದನ್ನು ಅದಕ್ಕೆ ಬಿಟ್ಟು, ತೊಳೆಯುವುದು, ಬಿಡಿಸುವುದು, ಬಣ್ಣ ಕಲಸುವುದು ಮಕ್ಕಳಿಗೆ ಕೊಡಿ. ಬಣ್ಣ ಮಾತ್ರ ಯಾವ ಕಾರಣಕ್ಕೂ ಕುಕ್ಕರಿನೊಳಗೆ ಹೋಗಬಾರದು. ಬೀಟ್‌ರೂಟಿನ ಕೆಂಪು ಗಂಟೆಗಟ್ಟಲೆ ಬೆಂದರೆ ಕಂದಾಗಿಬಿಡುತ್ತದೆ, ಹೂವಿನ ನೀಲಿ ಮಂಕಾಗುತ್ತದೆ. ಪಾಯಸ ಬಿಳಿಯಾಗಿಯೇ ಬೇಯಲಿ.

ಮೂರು ಲೀಟರಿನ ಕುಕ್ಕರಿಗೆ ಮುಕ್ಕಾಲು ಕಪ್ ಸಬ್ಬಕ್ಕಿ, ಒಂದು ಲೀಟರ್ ಹಾಲು, ಎರಡು ಕಪ್ ನೀರು, ಮುಕ್ಕಾಲು ಕಪ್ ಸಕ್ಕರೆ, ಒಂದು ಕಪ್ ಗಟ್ಟಿ ಕಾಯಿಹಾಲು, ನಾಲ್ಕು ಏಲಕ್ಕಿ. ಎಂಟು ಜನಕ್ಕೆ ಧಾರಾಳ. ಮುಕ್ಕಾಲು ಕಪ್ ಕಡಿಮೆಯಾಯಿತೆಂದು ಸಬ್ಬಕ್ಕಿ ಹೆಚ್ಚಿಸಬೇಡಿ, ಅದು ಊದಿಕೊಂಡು ಆರುವ ಹೊತ್ತಿಗೆ ಚಾಕುವಿನಲ್ಲಿ ಕುಯ್ಯುವಷ್ಟು ಗಟ್ಟಿಯಾಗುತ್ತದೆ. ಬಿಳಿಯ ಸಾಧಾರಣ ಸಬ್ಬಕ್ಕಿಯೇ ಇರಲಿ. ಗಾಜಿನಂತೆ ಕಾಣುವ ನೈಲಾನ್ ಸಬ್ಬಕ್ಕಿ ಬೇಗ ಬೇಯುವುದರಿಂದ ಇಷ್ಟು ಹೊತ್ತು ಇಟ್ಟರೆ ಕರಗಿ ಅಂಟಾಗುತ್ತದೆ.

ಸಬ್ಬಕ್ಕಿಯನ್ನು ಎರಡು ನೀರಿನಲ್ಲಿ ತೊಳೆಯುವುದು ಮಕ್ಕಳ ಮೊದಲ ಕೆಲಸ. ಮೇಲಿನ ಹಿಟ್ಟು ಹೋಗದಿದ್ದರೆ ಹಾಲು ಗಂಜಿಯ ಹಾಗೆ ಆಗುತ್ತದೆ. ತೊಳೆದ ಮೇಲೆ ಮುಳುಗುವಷ್ಟೇ ನೀರು ಬಿಟ್ಟು ಅರ್ಧ ಗಂಟೆ ನೆನೆಯಲಿ. ಒಂದು ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿ ನೋಡಲು ಹೇಳಿ: ಪುಡಿಯಾಗಿ ಚಪ್ಪಟೆಯಾದರೆ ನೆನೆದಿದೆ, ಒಳಗೆ ಗಟ್ಟಿ ಹರಳು ಸಿಕ್ಕಿದರೆ ಇನ್ನೂ ಹತ್ತು ನಿಮಿಷ. ಈ ಪರೀಕ್ಷೆಯಲ್ಲಿ ಅರ್ಧ ಮುಷ್ಟಿ ಕಾಳು ಖರ್ಚಾದರೂ ಗದರಬೇಡಿ.

ಅಷ್ಟರಲ್ಲಿ ಕುಕ್ಕರಿನ ಪಿಂಗಾಣಿ ಪಾತ್ರೆಗೆ ಒಂದು ಚಮಚ ತುಪ್ಪ ಸವರಿ ಹೈನಲ್ಲಿ, ಅಂದರೆ ಹೆಚ್ಚು ಕಾವಿನಲ್ಲಿಟ್ಟು ಬೆಚ್ಚಗಾಗಲು ಬಿಡಿ. ಹಾಲು ನೀರು ಸೇರಿಸಿ ಗ್ಯಾಸಿನ ಮೇಲೆ ಒಂದು ಕುದಿ ಬರಿಸಿಕೊಳ್ಳಿ. ಮನೆಯ ಹಸುವಿನ ಹಾಲಾದರೆ ಈ ಕುದಿ ತಪ್ಪಿಸುವ ಹಾಗೇ ಇಲ್ಲ, ನಂದಿನಿ ಪ್ಯಾಕೆಟ್ ಆದರೂ ಕುದಿಸಿಯೇ ಹಾಕಿ. ತಣ್ಣನೆಯ ಹಾಲಿಗೆ ಸಬ್ಬಕ್ಕಿ ಹಾಕಿಟ್ಟರೆ ಕಾವು ಏರುವ ತನಕ ತಳದಲ್ಲಿ ಕೂತು ಒಂದೇ ಮುದ್ದೆಯಾಗಿ ಅಂಟಿಕೊಳ್ಳುತ್ತದೆ. ಎಷ್ಟೋ ಜನರಿಗೆ ಈ ಪಾಯಸ ಕೆಡುವುದು ಇಲ್ಲೇ. ಬಿಸಿ ಹಾಲು ಸುರಿಯುವಾಗ ಮಾತ್ರ ಮಕ್ಕಳು ಆಚೆ ಇರಲಿ. ನೀರು ಬಸಿದ ಸಬ್ಬಕ್ಕಿ ಹಾಕಿ ತಳ ಮುಟ್ಟುವಂತೆ ಒಮ್ಮೆ ತಿರುವಿ. ತೆಳು ಬಟ್ಟೆಯೊಂದನ್ನು ಪಾತ್ರೆಯ ಬಾಯಿಗೆ ಹಾಸಿ ಮೇಲೆ ಮುಚ್ಚಳ ಇಟ್ಟು, ಬಟ್ಟೆಯ ತುದಿಗಳನ್ನು ಮುಚ್ಚಳದ ಮೇಲಕ್ಕೆ ಮಡಚಿ ಕಟ್ಟಿ. ಆವಿಯ ನೀರು ತೊಟ್ಟಿಕ್ಕಿ ಪಾಯಸ ತೆಳುವಾಗುವುದು ನಿಲ್ಲುತ್ತದೆ. ಬಟ್ಟೆ ಕೆಳಗೆ ಜೋತಾಡಿ ಬಿಸಿ ಮೈಗೆ ತಾಗಬಾರದು.

ಹೈನಲ್ಲಿ ಅರ್ಧ ಗಂಟೆಗೆ ಒಮ್ಮೆ ತಿರುವಿ, ಮತ್ತೆ ಒಂದು ಗಂಟೆಗೆ ನೋಡಿ. ಒಂದೂವರೆ ಗಂಟೆಯೊಳಗೆ ಹೆಚ್ಚಾಗಿ ಬೆಂದಿರುತ್ತದೆ. ನಡುನಡುವೆ ಮಕ್ಕಳು ಮುಚ್ಚಳ ಎತ್ತಿ ನೋಡಲು ಹಟ ಮಾಡುತ್ತಾರೆ. ಒಮ್ಮೆ ತೆಗೆದರೆ ಹೋದ ಕಾವು ತುಂಬಿಕೊಳ್ಳಲು ಹದಿನೈದು ಇಪ್ಪತ್ತು ನಿಮಿಷ ಬೇಕು ಎಂದು ತಿಳಿಸಿ ಹೇಳಿ, ಗಡಿಯಾರ ನೋಡುವ ಜವಾಬ್ದಾರಿ ಅವರಿಗೇ ಒಪ್ಪಿಸಿ. ಕಾಳು ಗಾಜಿನಂತಾಗಿ ನಡುವೆ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆ ಉಳಿದಾಗ ಸಕ್ಕರೆ ಹಾಕಿ ಹತ್ತು ನಿಮಿಷ ಬಿಟ್ಟು ಕುಕ್ಕರ್ ಆರಿಸಿ. ಉಳಿದ ಚುಕ್ಕೆ ಪಾತ್ರೆಯ ಕಾವಿನಲ್ಲೇ ಹೋಗುತ್ತದೆ. ಸಕ್ಕರೆಯನ್ನು ಮೊದಲೇ ಹಾಕಿದರೆ ಕಾಳು ಬೇಯಲು ತಡ ಮಾಡುತ್ತದೆ. ಬೆಲ್ಲ ಈ ಪಾಯಸಕ್ಕೆ ಬೇಡ. ಬಿಸಿ ಹಾಲು ಒಡೆಯುವ ಭಯ ಒಂದು, ಅದರ ಕಂದು ಬಣ್ಣ ಉಳಿದೆಲ್ಲ ಬಣ್ಣವನ್ನೂ ನುಂಗುತ್ತದೆ ಅನ್ನುವುದು ಇನ್ನೊಂದು.

ನಮ್ಮ ಹಾಸನ, ಚಿಕ್ಕಮಗಳೂರಿನ ಹಳ್ಳಿಗಳಲ್ಲಿ ಲೆಕ್ಕ ತಪ್ಪಿಸುವುದು ಕರೆಂಟು. 230 ವೋಲ್ಟ್ ಇರಬೇಕಾದ ಕಡೆ 180ಕ್ಕೆ ಇಳಿದರೆ ಕುಕ್ಕರಿನ ಕಾವು ನೂರರಲ್ಲಿ ಸುಮಾರು ಅರವತ್ತು ಪಾಲಿಗೆ ಬಂದುಬಿಡುತ್ತದೆ. ಬಲ್ಬು ಮಂಕಾಗಿ ಉರಿಯುವ ದಿನ ಲೋನಲ್ಲಿ, ಅಂದರೆ ಕಡಿಮೆ ಕಾವಿನಲ್ಲಿ ಇಡಲೇಬೇಡಿ, ಹೈನಲ್ಲೇ ಇಟ್ಟು ಇನ್ನೊಂದು ಗಂಟೆ ಕೈಯಲ್ಲಿರಲಿ. ಮಳೆಗಾಲದಲ್ಲಿ ಕರೆಂಟು ಹೋದರೆ ಅರ್ಧ ಗಂಟೆಯವರೆಗೆ ಮುಚ್ಚಳ ಮುಟ್ಟದೆ ಕಾಯಬಹುದು. ಅದಕ್ಕೂ ಹೆಚ್ಚಾದರೆ ಸ್ಟೀಲ್ ಪಾತ್ರೆಗೆ ಬಗ್ಗಿಸಿ ಗ್ಯಾಸಿನಲ್ಲಿ ಮುಗಿಸಿ. ಪಿಂಗಾಣಿ ಪಾತ್ರೆಯನ್ನೇ ಒಲೆ ಮೇಲೆ ಇಟ್ಟೀರಿ ಜೋಕೆ, ಸೀಳಿಬಿಡುತ್ತದೆ. ಬಿಸಿ ಪಾತ್ರೆಯನ್ನು ಒದ್ದೆ ಕಲ್ಲಿನ ಕಟ್ಟೆಗೆ ಇಳಿಸಿದರೂ ಅಷ್ಟೇ. ಒಣ ಬಟ್ಟೆಯ ಸಿಂಬೆ ಮಾಡಿ ಅದರ ಮೇಲೆ ಕೂರಿಸಿ.

ಆರಿಸಿ ಹತ್ತು ನಿಮಿಷ ಆದ ಮೇಲೆ ಕಾಯಿಹಾಲು, ಏಲಕ್ಕಿ ಪುಡಿ. ಅರಸೀಕೆರೆ, ಕಡೂರು ಕಡೆಯ ಬಲಿತ ಕಾಯಿ ಆದರೆ ಒಂದೇ ಸಾಕು: ತುರಿದು, ಮುಕ್ಕಾಲು ಕಪ್ ಉಗುರುಬೆಚ್ಚಗಿನ ನೀರು ಹಾಕಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿದ ಮೊದಲ ಹಾಲು. ಕುದಿಯುವ ಪಾಯಸಕ್ಕೆ ಸುರಿದರೆ ಎಣ್ಣೆ ಬೇರೆ ನೀರು ಬೇರೆ ಆಗುತ್ತದೆ. ಏಲಕ್ಕಿ ಬಿಡಿಸುವುದೂ ಮಕ್ಕಳಿಗೇ ಇರಲಿ, ಆ ಸಣ್ಣ ಬೆರಳುಗಳಿಗೆ ಹೇಳಿ ಮಾಡಿಸಿದ ಕೆಲಸ.

ಈಗ ಬಣ್ಣ. ಅಂಗಡಿಯ ಬಣ್ಣದ ಪುಡಿ ಬೇಡವೇ ಬೇಡ, ಹಿತ್ತಲಲ್ಲೂ ತರಕಾರಿ ಬುಟ್ಟಿಯಲ್ಲೂ ಬೇಕಾದಷ್ಟಿದೆ. ಪಾಯಸ ಬೆರಳದ್ದಿದರೆ ಹಿತವಾಗುವಷ್ಟು ಆರಿದ ಮೇಲೆ ಒಂದೊಂದೂವರೆ ಕಪ್‌ನಂತೆ ನಾಲ್ಕು ಬಟ್ಟಲಿಗೆ ಹಂಚಿ, ಉಳಿದದ್ದು ಬಿಳಿಯಾಗಿಯೇ ಇರಲಿ. ಗುಲಾಬಿಗೆ ಬೀಟ್‌ರೂಟ್ ತುರಿದು ಹಿಂಡಿದ ರಸ ಎರಡು ಚಮಚ. ಅದನ್ನು ಒಂದು ಚಮಚ ಸಕ್ಕರೆ ಹಾಕಿ ಒಂದೇ ನಿಮಿಷ ಕುದಿಸಿ ಆರಿಸಿದರೆ ಮಣ್ಣಿನ ವಾಸನೆ ತಗ್ಗುತ್ತದೆ. ಕಿತ್ತಳೆ ಬಣ್ಣಕ್ಕೆ ಕ್ಯಾರೆಟ್ ತುರಿಯನ್ನು ತುಪ್ಪದಲ್ಲಿ ಬಾಡಿಸಿ ನುಣ್ಣಗೆ ರುಬ್ಬಿ. ಕ್ಯಾರೆಟ್ಟಿನ ಬಣ್ಣ ಕೊಬ್ಬಿನಲ್ಲಿ ಕರಗುವಂಥದ್ದು, ತುಪ್ಪ ಬಿಟ್ಟರೆ ಪೇಲವವಾಗುತ್ತದೆ. ಹಳದಿಗೆ ಎಂಟು ಎಳೆ ಕೇಸರಿಯನ್ನು ಎರಡು ಚಮಚ ಬಿಸಿ ಹಾಲಿನಲ್ಲಿ ಹತ್ತು ನಿಮಿಷ ನೆನೆಸಿ.

ನೀಲಿಗೆ ಶಂಖಪುಷ್ಪ. ಮಕ್ಕಳ ಕಣ್ಣು ಅರಳುವುದು ಇಲ್ಲಿಯೇ. ಹದಿನೈದು ಹೂವಿನ ಹಸಿರು ತೊಟ್ಟು ತೆಗೆದು, ಅರ್ಧ ಲೋಟ ಬಿಸಿ ನೀರಿನಲ್ಲಿ ಮುಳುಗಿಸಿಡಿ. ದಳಗಳು ಬೆಳ್ಳಗಾಗುತ್ತಾ ಹೋಗಿ, ಹತ್ತು ನಿಮಿಷಕ್ಕೆ ನೀರು ಶಾಯಿಯಷ್ಟು ಗಾಢವಾಗುತ್ತದೆ. ಮೂರು ನಾಲ್ಕು ಚಮಚ ಹಾಕಿದರೆ ಪಾಯಸ ತಿಳಿ ನೀಲಿ. ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ಔಷಧಿ) ಹೊಡೆದ ತೋಟದ ಬೇಲಿಯ ಹೂವು ಮಾತ್ರ ಕೀಳಬೇಡಿ. ಮಿಕ್ಕ ನೀಲಿ ನೀರಿಗೆ ಬೇರೆ ಲೋಟದಲ್ಲಿ ನಿಂಬೆರಸ ಹಿಂಡಿಸಿ, ಕಣ್ಣೆದುರೇ ನೇರಳೆಯಾಗುತ್ತದೆ. ಆ ನೇರಳೆ ಚೆಂದವಿದೆ ಎಂದು ಪಾಯಸಕ್ಕೆ ಸುರಿದರೆ ಹಾಲು ಒಡೆಯುತ್ತದೆ, ಸಕ್ಕರೆ ಕದಡಿ ಶರಬತ್ತು ಕುಡಿಸಿ. ಪುನರ್ಪುಳಿ, ಹಸಿ ಅನಾನಸ್ ಕೂಡ ದೂರವಿರಲಿ. ಒಂದು ಹುಳಿಯಿಂದ ಒಡೆಸುತ್ತದೆ, ಇನ್ನೊಂದು ಹಾಲನ್ನು ಕಹಿ ಮಾಡುತ್ತದೆ. ಹಸಿರು ಬೇಕೆಂದರೆ ಪಾಲಕ್ ಹುಡುಕಬೇಡಿ, ನೀಲಿ ಬಟ್ಟಲಿನಿಂದ ಸ್ವಲ್ಪ ತೆಗೆದು ಕೇಸರಿಯ ಬಟ್ಟಲಿನದಕ್ಕೆ ಬೆರೆಸಲು ಹೇಳಿ.

ಗಾಜಿನ ಲೋಟದಲ್ಲಿ ಒಂದರ ಮೇಲೊಂದು ಪದರ ಹಾಕುವಾಗ ಗಟ್ಟಿಯಾದದ್ದು ಕೆಳಗೆ. ಪ್ರತಿ ಪದರಕ್ಕೂ ಹತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟು, ಮುಂದಿನದನ್ನು ಚಮಚದ ಬೆನ್ನ ಮೇಲಿಂದ ನಿಧಾನವಾಗಿ ಇಳಿಸಿ. ನೀಲಿ ಕಿತ್ತಳೆ ಅಕ್ಕಪಕ್ಕ ಬಂದರೆ ಬೆರೆತ ಕಡೆ ಕೆಸರು ಬಣ್ಣ, ನಡುವೆ ಬಿಳಿ ಪದರ ಇರಲಿ. ಮೇಲೆ ದಾಳಿಂಬೆ, ಏಲಕ್ಕಿ ಬಾಳೆಯ ಹೋಳು. ಐದು ವರ್ಷದೊಳಗಿನ ಮಗುವಿದ್ದರೆ ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿಯೇ ಹಾಕಿ, ಇಡೀ ಗೋಡಂಬಿ ಹಾಕಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತವೆ.

ಚಳಿಗಾಲದ ಬೆಳಿಗ್ಗೆ ಪಾಯಸದ ಮೇಲೆ ಬಿಳಿ ತರಿ ಕಂಡರೆ ಕೆಟ್ಟಿತೆಂದು ಚೆಲ್ಲಬೇಡಿ. ಕಾಯಿಯ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ನಮ್ಮ ಕಡೆಯ ಚಳಿಗೆ ಅಷ್ಟು ಸಾಕು. ಉಳಿದದ್ದನ್ನು ಕುಕ್ಕರ್ ಆರಿಸಿದ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ ಮರುದಿನವೇ ಮುಗಿಸಿ. ಗಟ್ಟಿಯಾಗಿದ್ದರೆ ಅರ್ಧ ಕಪ್ ಬಿಸಿ ಹಾಲು ಬೆರೆಸಿ ಕದಡಿದರೆ ಸಡಿಲವಾಗುತ್ತದೆ.